ಅತ್ತೆ, ಮಕ್ಕಳು, ಒಂದೇ ಪರದೆ: ಹಿಂದಿಗೆ ಡಬ್ ಆದ ಮಾಯಾಲೋಕದ ಚಿತ್ರಗಳು

ಮೂರು ತಲೆಮಾರಿನವರು ಒಟ್ಟಿಗೆ ಕೂತು ಕೊನೆಯವರೆಗೂ ನೋಡುವ ಸಿನಿಮಾ ಯಾವುದು ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಸಿದ್ಧವಿದೆ: ಹಿಂದಿಗೆ ಡಬ್ ಆದ ಫ್ಯಾಂಟಸಿ ಚಿತ್ರ. ಮಾತನಾಡುವ ಪ್ರಾಣಿಗಳು, ಹಾರುವ ಕುದುರೆ, ಶಾಪ ಹೊತ್ತ ರಾಜಕುಮಾರಿ, ಮಂತ್ರದಂಡ ಹಿಡಿದ ಮುದುಕ ಇರುವಂಥ ಚಿತ್ರಗಳು. ಪೊಲೀಸ್ ಕಥೆಗಳ, ಪ್ರೇಮಕಥೆಗಳ ಡಬ್ಬಿಂಗ್ ಬಗ್ಗೆ ಈ ಮಾತನ್ನು ಹೇಳಲಾರೆ. ಮೊದಲು ಕೇಬಲ್ ಟಿವಿಯಲ್ಲಿ, ಆಮೇಲೆ ಡಿಟಿಎಚ್‌ನಲ್ಲಿ, ಈಗ ಒಟಿಟಿಯಲ್ಲಿ ವರ್ಷಗಟ್ಟಲೆ ನೋಡಿದ ಮೇಲೆ ಬರೆಯುತ್ತಿದ್ದೇನೆ. ಇಷ್ಟಪಟ್ಟದ್ದು ಬಹಳ ಇದೆ, ದೂರೂ ಸಾಕಷ್ಟಿದೆ.

ನಮ್ಮದು ಉಡುಪಿಯ ಅಂಬಲಪಾಡಿ ಕಡೆಯ ಮನೆ. ಮನೆಯೊಳಗೆ ತುಳು, ಹೊರಗೆ ಕನ್ನಡ, ಮಕ್ಕಳಿಗೆ ಶಾಲೆಯಲ್ಲಿ ಇಂಗ್ಲಿಷ್. ಅತ್ತೆ ಮದುವೆಯಾಗಿ ಮುಂಬಯಿಗೆ ಹೋದವರು. ಮಾವ ಅಲ್ಲಿ ಹೋಟೆಲಿನಲ್ಲಿ ದುಡಿಯುತ್ತಿದ್ದರು, ಅತ್ತೆ ಘಾಟ್ಕೋಪರ್‌ನ ಚಾಳಿನಲ್ಲಿ ಮಕ್ಕಳನ್ನು ಬೆಳೆಸಿದರು. ಅವರ ಹಿಂದಿ ಪುಸ್ತಕದ್ದಲ್ಲ, ತರಕಾರಿ ಮಾರುಕಟ್ಟೆಯದ್ದು, ಲೋಕಲ್ ರೈಲಿನದ್ದು. ಇಂಗ್ಲಿಷ್ ಅವರಿಗೆ ಬಾರದು. ನಾನು ಹೈಸ್ಕೂಲಿನಲ್ಲಿದ್ದಾಗ ಹಿಂದಿ ಪ್ರಚಾರ ಸಭೆಯ ಮಧ್ಯಮಾ, ರಾಷ್ಟ್ರಭಾಷಾ ಪರೀಕ್ಷೆಗಳನ್ನು ಬರೆದವಳು, ಹಾಗಾಗಿ ಹಿಂದಿ ಅರ್ಥವಾಗುತ್ತದೆ. ಎಂಟನೇ ತರಗತಿಯ ಮಗನಿಗೆ ಅದು ಮೂರನೇ ಭಾಷೆ. ಮೂರನೇ ತರಗತಿಯ ಮಗಳು ಕಾರ್ಟೂನುಗಳಿಂದಲೇ ಕಲಿತಳು, ಅವಳಿಗೆ ಯಾರೂ ಪಾಠ ಮಾಡಲಿಲ್ಲ. ಕರಾವಳಿಯ ಎಷ್ಟೋ ಮನೆಗಳ ಚಿತ್ರ ಇದೇ. ಮುಂಬಯಿಯಿಂದ ಊರಿಗೆ ಮರಳಿದ ಹಿರಿಯರು, ಇಂಗ್ಲಿಷ್ ಮಾಧ್ಯಮದ ಮೊಮ್ಮಕ್ಕಳು, ನಡುವೆ ನಮ್ಮಂಥವರು. ಎಲ್ಲರಿಗೂ ಏಕಕಾಲಕ್ಕೆ ಕಿವಿಗೆ ಬೀಳುವಂಥ ಒಂದು ವಿದೇಶಿ ಚಿತ್ರ ಬೇಕೆಂದರೆ, ಕನ್ನಡದಲ್ಲಿ ಇಲ್ಲದಿರುವಾಗ, ಉಳಿಯುವುದು ಹಿಂದಿ.

ಸಬ್‌ಟೈಟಲ್ ಹಾಕಿಕೊಂಡು ಇಂಗ್ಲಿಷಿನಲ್ಲೇ ನೋಡಬಹುದಲ್ಲ ಎಂದು ನನ್ನ ತಮ್ಮ ಪ್ರತಿ ಸಲ ವಾದಿಸುತ್ತಾನೆ. ಅವನು ಒಬ್ಬನೇ ಲ್ಯಾಪ್‌ಟಾಪಿನಲ್ಲಿ ನೋಡುವವನು. ಕುಟುಂಬದ ಜತೆ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಫ್ಯಾಂಟಸಿ ಚಿತ್ರದ ಜೀವ ಇರುವುದೇ ಪರದೆಯ ಮೂಲೆಮೂಲೆಗಳಲ್ಲಿ. ಅರಮನೆಯ ಕಂಬದ ಹಿಂದೆ ಸರಿದ ನೆರಳು, ಮರದ ತೊಗಟೆಯಲ್ಲಿ ತೆರೆದುಕೊಳ್ಳುವ ಕಣ್ಣು, ಸೈನ್ಯದ ತಲೆಯ ಮೇಲೆ ಹಾರಿಹೋಗುವ ಡ್ರ್ಯಾಗನ್‌ನ ಬಾಲ, ಇವೆಲ್ಲ ಎರಡು ಕ್ಷಣ ಇದ್ದು ಮಾಯವಾಗುತ್ತವೆ. ಕೆಳಗಿನ ಅಕ್ಷರ ಓದುತ್ತಾ ಕೂತವರಿಗೆ ಅವು ಕಾಣುವುದಿಲ್ಲ. ಮೂರನೇ ತರಗತಿಯ ಮಗು ಒಂದು ಸಾಲು ಓದಿ ಮುಗಿಸುವ ಹೊತ್ತಿಗೆ ಮುಂದಿನ ಎರಡು ಸಾಲು ಬಂದು ಹೋಗಿರುತ್ತವೆ. ಅತ್ತೆಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆದ ಮೇಲೂ ಟಿವಿಯ ಸಣ್ಣ ಅಕ್ಷರಗಳು ಕಷ್ಟವೇ. ಡಬ್ಬಿಂಗ್ ಇದ್ದರೆ ಎಲ್ಲರ ಕಣ್ಣೂ ಚಿತ್ರದ ಮೇಲಿರುತ್ತದೆ. ಈ ಒಂದು ಕಾರಣಕ್ಕಾಗಿಯೇ ನಾನು ಡಬ್ಬಿಂಗ್ ಪರ.

ಡಬ್ಬಿಂಗ್ ಎಂದರೆ ಹೇಗಿರಬೇಕು ಎಂಬುದಕ್ಕೆ ನಮ್ಮ ಮನೆಯ ಅಳತೆಗೋಲು 2016ರ 'ದಿ ಜಂಗಲ್ ಬುಕ್' ಚಿತ್ರದ ಹಿಂದಿ ಆವೃತ್ತಿ. ಅಮೆರಿಕಕ್ಕಿಂತ ಒಂದು ವಾರ ಮೊದಲೇ ಭಾರತದಲ್ಲಿ ಬಿಡುಗಡೆಯಾದ ಚಿತ್ರ ಅದು. ಭಗೀರ ಎಂಬ ಕರಿಚಿರತೆಗೆ ಓಂ ಪುರಿ, ಬಾಲೂ ಕರಡಿಗೆ ಇರ್ಫಾನ್ ಖಾನ್, ಕಾ ಎಂಬ ಹೆಬ್ಬಾವಿಗೆ ಪ್ರಿಯಾಂಕಾ ಚೋಪ್ರಾ, ತಾಯಿ ತೋಳಕ್ಕೆ ಶೆಫಾಲಿ ಶಾ, ಶೇರ್ ಖಾನ್ ಹುಲಿಗೆ ನಾನಾ ಪಾಟೇಕರ್ ದನಿ ಕೊಟ್ಟರು. ದೊಡ್ಡ ಹೆಸರುಗಳನ್ನು ಪೋಸ್ಟರಿಗಾಗಿ ತಂದು ಕೂರಿಸಿದ ಹಾಗೆ ಇಲ್ಲಿ ಅನ್ನಿಸುವುದಿಲ್ಲ. ಒಂದೊಂದು ಪ್ರಾಣಿಗೂ ಅದರದೇ ಹಿಂದಿ ಇದೆ. ಭಗೀರನದ್ದು ತೂಕದ, ಅಳೆದು ಆಡುವ ಹಿಂದಿ. ಬಾಲೂ ಪಂಜಾಬಿ ರಾಗದಲ್ಲಿ ಮಾತನಾಡುತ್ತಾನೆ. ಮೈಗಳ್ಳ, ತಿಂಡಿಪೋತ, ಆದರೆ ಹೃದಯವಂತ ಎಂಬುದೆಲ್ಲ ಅವನ ಮೊದಲ ನಾಲ್ಕು ಮಾತಿನಲ್ಲೇ ತಿಳಿಯುತ್ತದೆ. ಬಾಲೂ ಮಾತಿಗೆ ತೊಡಗಿದ ಕೂಡಲೇ ಅತ್ತೆ ಕುರ್ಚಿಯಿಂದ ಮುಂದಕ್ಕೆ ಬಾಗಿ, "ಇವನು ನಮ್ಮ ಘಾಟ್ಕೋಪರ್‌ನ ಟ್ಯಾಕ್ಸಿಯ ಸರ್ದಾರ್‌ಜಿ ಅಲ್ಲವಾ" ಎಂದರು. ಕಾಡಿನ ಕರಡಿಯೊಂದು ಅವರಿಗೆ ಪರಿಚಯದ ಮನುಷ್ಯನಾಗಲು ಅಷ್ಟು ಸಾಕಾಯಿತು.

ಶೇರ್ ಖಾನ್ ಬರುವ ದೃಶ್ಯ ನೋಡಿ. ಬರಗಾಲದಲ್ಲಿ ಕಾಡಿನ ಪ್ರಾಣಿಗಳೆಲ್ಲ ವೈರ ಮರೆತು ಒಂದೇ ನೀರಿಗೆ ಬಂದಿವೆ. ಹುಲಿ ಮೆಲ್ಲನೆ ನಡೆದು ಬರುತ್ತದೆ, ಗಾಳಿಯಲ್ಲಿ ಮನುಷ್ಯನ ವಾಸನೆ ಹಿಡಿಯುತ್ತದೆ. ನಾನಾ ಪಾಟೇಕರ್ ಇಲ್ಲಿ ದನಿ ಎತ್ತುವುದೇ ಇಲ್ಲ. ತಗ್ಗಿಸಿದ ದನಿಯಲ್ಲಿ ಒಂದೊಂದೇ ಮಾತನ್ನು ಬಿಡುತ್ತಾರೆ, ನಡುವೆ ಉಸಿರು ಕೇಳಿಸುತ್ತದೆ. ಮಗಳು ನನ್ನ ಸೆರಗನ್ನು ಬಾಯಿಗೆ ಹಿಡಿದು ಕೂತಿದ್ದಳು. ನನಗೆ ಈ ದನಿ ಹೊಸದಲ್ಲ. ತೊಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ಬರುತ್ತಿದ್ದ ಜಪಾನಿ ಅನಿಮೇಷನ್ ಧಾರಾವಾಹಿಯ ಹಿಂದಿ ರೂಪದಲ್ಲೂ ಶೇರ್ ಖಾನ್‌ಗೆ ಅವರದೇ ದನಿ. ಗುಲ್ಜಾರ್ ಬರೆದು ವಿಶಾಲ್ ಭಾರದ್ವಾಜ್ ಸಂಗೀತ ಕೊಟ್ಟ ಅದರ ಶೀರ್ಷಿಕೆ ಗೀತೆಯನ್ನು ಹಿಂದಿ ಬಾರದ ನಮ್ಮ ಓಣಿಯ ಮಕ್ಕಳೆಲ್ಲ ಹಾಡುತ್ತಿದ್ದರು. 2016ರ ಚಿತ್ರದ ಹಿಂದಿ ಆವೃತ್ತಿಗಾಗಿ ಆ ಹಾಡನ್ನು ಮತ್ತೆ ಹೊಸದಾಗಿ ಮಾಡಿದರು. ನಾನು ಹೆದರಿದ ಅದೇ ದನಿಗೆ ನನ್ನ ಮಗಳೂ ಹೆದರಿದಳು ಎಂಬ ಸಂತೋಷ ಇಂಗ್ಲಿಷ್ ಆವೃತ್ತಿಯಿಂದ ನನಗೆ ಸಿಗುವಂಥದ್ದಲ್ಲ. ಓಂ ಪುರಿ 2017ರಲ್ಲಿ, ಇರ್ಫಾನ್ 2020ರಲ್ಲಿ ತೀರಿಕೊಂಡರು. ಆ ಎರಡು ದನಿಗಳಿಗಾಗಿಯಾದರೂ ಈ ಆವೃತ್ತಿಯನ್ನು ಮತ್ತೆ ಮತ್ತೆ ಹಾಕುತ್ತೇನೆ.

ನಮ್ಮ ಕರಾವಳಿಯವರ ಕಿವಿಗೆ ಡಬ್ಬಿಂಗ್ ಯಾಕೆ ಇಷ್ಟು ಬೇಗ ಹಿಡಿಸುತ್ತದೆ ಎಂದು ನಾನು ಯೋಚಿಸಿದ್ದುಂಟು. ತಾಳಮದ್ದಳೆ ಕೇಳಿ ಬೆಳೆದವರು ನಾವು. ಅಲ್ಲಿ ವೇಷವಿಲ್ಲ, ಬಣ್ಣವಿಲ್ಲ, ಕುಣಿತವಿಲ್ಲ. ಪಂಚೆ ಶಾಲು ತೊಟ್ಟ ಅರ್ಥಧಾರಿ ಕೂತಲ್ಲಿಂದಲೇ ಕೃಷ್ಣನಾಗುತ್ತಾನೆ, ಕೌರವನಾಗುತ್ತಾನೆ, ವಾಲಿಯಾಗುತ್ತಾನೆ. ಪಾತ್ರ ನಿಲ್ಲುವುದು ದನಿಯ ಮೇಲೆ, ಮಾತಿನ ವರಸೆಯ ಮೇಲೆ. ಅತ್ತೆ ಹಿಂದಿ ಡಬ್ಬಿಂಗನ್ನೂ ಅದೇ ಕಿವಿಯಿಂದ ಕೇಳುತ್ತಾರೆ. "ಇವನಿಗೆ ರಾಜನ ಗತ್ತು ಬರಲಿಲ್ಲ", "ಈ ಮಂತ್ರಿ ಪಾತ್ರಕ್ಕೆ ಇಷ್ಟು ತೆಳು ದನಿ ಸಲ್ಲದು" ಎಂದು ಅವರು ಹೇಳಿದರೆ ಅಲ್ಲಿಗೆ ಮುಗಿಯಿತು, ಆ ಚಿತ್ರದ ಬಗ್ಗೆ ಬೇರೆ ವಿಮರ್ಶೆ ಓದುವ ಅಗತ್ಯ ನನಗಿಲ್ಲ.

ಫ್ಯಾಂಟಸಿಗೆ ಮಾತ್ರ ಡಬ್ಬಿಂಗ್ ಯಾಕೆ ಒಪ್ಪುತ್ತದೆ? ನ್ಯೂಯಾರ್ಕಿನ ಪೊಲೀಸ್ ಅಧಿಕಾರಿ ಹಿಂದಿಯಲ್ಲಿ ಬೈದರೆ ಕಿವಿಗೆ ಮುಳ್ಳು ಚುಚ್ಚುತ್ತದೆ, ಏಕೆಂದರೆ ಅವನು ಯಾವ ಭಾಷೆ ಆಡುತ್ತಾನೆಂದು ನಮಗೆ ಗೊತ್ತು. ಆದರೆ ನಕಾಶೆಯಲ್ಲೇ ಇಲ್ಲದ ಒಂದು ರಾಜ್ಯದ ರಾಣಿ ಇಂಗ್ಲಿಷನ್ನೇ ಆಡಬೇಕೆಂದು ಯಾವ ಕಟ್ಟಳೆ? ಕರಡಿ ಮಾತನಾಡುವುದನ್ನು ಒಪ್ಪಿಕೊಂಡ ಮೇಲೆ ಅದು ಯಾವ ಭಾಷೆಯಲ್ಲಾದರೂ ಮಾತನಾಡಬಹುದು. ಇನ್ನೊಂದು ಕಾರಣವೂ ಇದೆ. ರಾಜರು, ಋಷಿಗಳು, ಮಾಂತ್ರಿಕರು ಆಡುವ ಮಾತಿಗೆ ಹಿಂದಿ ಸಂಭಾಷಣೆಕಾರರು ಸಂಸ್ಕೃತದ ಕಡೆ ವಾಲುತ್ತಾರೆ. ಸಿಂಹಾಸನ, ಶಾಪ, ವಚನ, ಯುದ್ಧ, ವಿನಾಶ ಎಂಬ ಮಾತುಗಳನ್ನು ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹಿಂದಿ ಅರೆಬರೆ ಬರುವ ನೆರೆಮನೆಯ ಅಕ್ಕ ಕೂಡ ಇಂಥ ಚಿತ್ರವನ್ನು ನಮ್ಮ ಜತೆ ಕೂತು ಸರಾಗವಾಗಿ ನೋಡುತ್ತಾರೆ. ಮುಂಬಯಿ ಗೂಂಡಾಗಳ ಚಿತ್ರ ಹಾಕಿದರೆ ಅರ್ಧಕ್ಕೇ ಎದ್ದು ಹೋಗುತ್ತಾರೆ.

ತುಟಿ ಹೊಂದುವ ವಿಷಯದಲ್ಲಿ ಮಗಳು ನನಗಿಂತ ಚುರುಕು. ಪ, ಬ, ಮ ಅಕ್ಷರಗಳಿಗೆ ತುಟಿ ಮುಚ್ಚಲೇಬೇಕು. ಪರದೆಯ ಮೇಲೆ ತುಟಿ ಮುಚ್ಚಿದಾಗ ಕಿವಿಗೆ ಅಂಥದ್ದೇ ಅಕ್ಷರ ಬಿದ್ದರೆ ಡಬ್ಬಿಂಗ್ ಎಂಬುದೇ ಮರೆತುಹೋಗುತ್ತದೆ, ಇಲ್ಲದಿದ್ದರೆ ಎಡವಿದಂತಾಗುತ್ತದೆ. ಒಳ್ಳೆಯ ಸಂಭಾಷಣೆಕಾರರು ಅರ್ಥದ ಜತೆಗೆ ಈ ತುಟಿಯ ಲೆಕ್ಕವನ್ನೂ ಇಟ್ಟುಕೊಂಡು ಬರೆಯುತ್ತಾರೆ. ಸಂಗೀತ ಮತ್ತು ಹಿನ್ನೆಲೆ ಸದ್ದುಗಳು ಮೂಲ ಚಿತ್ರದಿಂದ ಪ್ರತ್ಯೇಕ ಟ್ರ್ಯಾಕ್ ಆಗಿ ಬರುತ್ತವೆ, ಡಬ್ಬಿಂಗ್ ಕಲಾವಿದರು ಸ್ಟುಡಿಯೋದಲ್ಲಿ ತುಣುಕು ತುಣುಕಾಗಿ ನೋಡುತ್ತಾ ಮಾತನ್ನಷ್ಟೇ ಕೂರಿಸುತ್ತಾರೆ. ಮೂಲದಲ್ಲಿ ಎರಡು ಸೆಕೆಂಡಿನ ಮಾತಾದರೆ ಹಿಂದಿಯಲ್ಲೂ ಎರಡೇ ಸೆಕೆಂಡು. ಪ್ರಾಣಿಗಳ ಬಾಯಿ, ಅನಿಮೇಷನ್ ಮುಖ, ಮುಖವಾಡ ಹಾಕಿದ ಖಳ, ಇವರಿಗೆ ಈ ಕಟ್ಟು ಸ್ವಲ್ಪ ಸಡಿಲ. ಮನುಷ್ಯರ ಮುಖವನ್ನು ಹತ್ತಿರದಿಂದ ತೋರಿಸುವ ಚಿತ್ರಗಳಲ್ಲಿ ಕೆಲಸ ಕಠಿಣ. ಹೊಸಬರು ಪ್ರಾಣಿಗಳ ಮತ್ತು ಅನಿಮೇಷನ್ ಚಿತ್ರಗಳಿಂದ ಶುರುಮಾಡಲಿ ಎಂದು ನಾನು ಹೇಳುವುದು ಇದಕ್ಕೇ.

ಮಾತೇ ಇಲ್ಲದ ನಾಯಕನ ಚಿತ್ರವೂ ನಮ್ಮ ಮನೆಯಲ್ಲಿ ಗೆದ್ದಿದೆ. ಎಸ್. ಎಸ್. ರಾಜಮೌಳಿಯವರ ತೆಲುಗು ಚಿತ್ರ 'ಈಗ' 2012ರಲ್ಲಿ ಹಿಂದಿಯಲ್ಲಿ 'ಮಖ್ಖಿ' ಆಗಿ ಬಂತು. ಕೊಲೆಯಾದ ಯುವಕ ನೊಣವಾಗಿ ಹುಟ್ಟಿ ಸೇಡು ತೀರಿಸಿಕೊಳ್ಳುತ್ತಾನೆ. ನೊಣ ಒಂದು ಮಾತನ್ನೂ ಆಡುವುದಿಲ್ಲ, ಎಲ್ಲ ಕೈಸನ್ನೆಯಲ್ಲೇ. ಹಿಂದಿಯಲ್ಲಿ ಕಥೆ ಹೇಳುವ ದನಿಗಳು ಅಜಯ್ ದೇವಗನ್ ಮತ್ತು ಕಾಜೋಲ್ ಅವರದ್ದು. ಇದರ ಖಳನಾಯಕ ನಮ್ಮ ಸುದೀಪ್. ಕಣ್ಣಿಗೆ ಕಾಣದಂತಿರುವ ನೊಣವೊಂದರ ಎದುರು ಒಬ್ಬರೇ ನಿಂತು ಸಿಟ್ಟು, ಭಯ, ಹುಚ್ಚು ಎಲ್ಲವನ್ನೂ ತೋರಿಸಿದ ಅವರ ಅಭಿನಯವನ್ನು ಎಷ್ಟು ಹೊಗಳಿದರೂ ಸಾಲದು. ಆ ಕನ್ನಡದ ನಟನನ್ನು ಕನ್ನಡದ ಮನೆಯಲ್ಲಿ ಕೂತು ನಾವು ಹಿಂದಿಯಲ್ಲಿ ನೋಡಬೇಕಾಯಿತು. ಆಗ ಕರ್ನಾಟಕದಲ್ಲಿ ಡಬ್ಬಿಂಗ್‌ಗೆ ದಶಕಗಳಿಂದ ಬಂದ ವಿರೋಧವಿತ್ತು. ನಮ್ಮ ಚಿತ್ರೋದ್ಯಮದ ಕಾರ್ಮಿಕರ ಅನ್ನದ ಪ್ರಶ್ನೆ ಅದರ ಹಿಂದಿತ್ತು ಎಂಬುದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಮಕ್ಕಳ ಮಟ್ಟಿಗೆ ಅದರ ಫಲ ಏನಾಯಿತು? ಅವರು ಡಬ್ ಆದ ಚಿತ್ರಗಳನ್ನು ನೋಡುವುದನ್ನು ಬಿಡಲಿಲ್ಲ, ಬೇರೆ ಭಾಷೆಯಲ್ಲಿ ನೋಡಿದರು. 2015ರಲ್ಲಿ ಡಬ್ಬಿಂಗ್‌ಗೆ ಅಡ್ಡಿಪಡಿಸುವುದು ತಪ್ಪೆಂದು ಭಾರತೀಯ ಸ್ಪರ್ಧಾ ಆಯೋಗದ ಆದೇಶ ಬಂದ ಮೇಲೆ ಕನ್ನಡ ಡಬ್ಬಿಂಗ್‌ಗೆ ದಾರಿ ತೆರೆಯಿತು.

ಇನ್ನು ದೂರುಗಳು. ನನ್ನ ಮೊದಲ ಸಿಟ್ಟು ಕಂತುಗಳ ಚಿತ್ರಗಳ ಬಗ್ಗೆ. ನಾವು ವಾರ್ಷಿಕ ಚಂದಾ ಕಟ್ಟಿದ ಒಂದು ಒಟಿಟಿ ಸೇವೆಯಲ್ಲಿ ಒಂದು ಸರಣಿಯ ಮೊದಲ ಎರಡು ಭಾಗಗಳಿಗೆ ಹಿಂದಿ ಇತ್ತು, ಮೂರನೆಯದಕ್ಕೆ ಇಂಗ್ಲಿಷ್ ಮಾತ್ರ. ಮಳೆಗೆ ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಕೊಟ್ಟ ದಿನ, ಗೋಳಿಬಜೆ ಕರಿದು ತಟ್ಟೆಗೆ ಹಾಕಿ ಎಲ್ಲರೂ ಕೂತ ಮೇಲೆ ಇದು ತಿಳಿಯಿತು. ಅತ್ತೆ ಐದು ನಿಮಿಷ ನೋಡಿ ಹಪ್ಪಳದ ಕೆಲಸಕ್ಕೆ ಎದ್ದು ಹೋದರು. ಗ್ರಾಹಕ ಸೇವೆಗೆ ಬರೆದರೆ "ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ" ಎಂಬ ಉತ್ತರ ಬಂತು. ಕಥೆಯ ನಡುವೆ ಹಿರಿಯರನ್ನು ಹೊರಗಿಡುವುದು ಅನ್ಯಾಯ, ಹಾಗೆ ಮಾಡುವುದಾದರೆ ಮೊದಲ ಭಾಗದ ಪುಟದಲ್ಲೇ ಬರೆದುಬಿಡಲಿ.

ಇನ್ನೊಂದು, ಸದ್ದಿನ ಹದ. ಹಿಂದಿ ಧ್ವನಿ ಆಯ್ಕೆ ಮಾಡಿದಾಗ ಎಷ್ಟೋ ಚಿತ್ರಗಳಲ್ಲಿ ಮಾತು ಮೆಲ್ಲಗೆ, ಸ್ಫೋಟ ಜೋರಾಗಿ ಕೇಳುತ್ತದೆ. ಮಾತು ಕೇಳಲೆಂದು ಹೆಚ್ಚಿಸಿದರೆ ಯುದ್ಧದ ಹೊತ್ತಿಗೆ ಪಕ್ಕದ ಮನೆಯವರಿಗೂ ಕೇಳುತ್ತದೆ. ಹೊಸ ಟಿವಿಗಳಲ್ಲಿ ಮಾತನ್ನು ಸ್ಪಷ್ಟಗೊಳಿಸುವ ಆಯ್ಕೆಯೊಂದು ಇರುತ್ತದೆ, ಸೌಂಡ್ ಸೆಟ್ಟಿಂಗ್‌ನಲ್ಲಿ ಹುಡುಕಿ ಅದನ್ನು ಹಾಕಿಕೊಳ್ಳಿ, ಬಹಳ ಪ್ರಯೋಜನವಿದೆ. ಕಿವಿ ಮಂದವಾದ ಹಿರಿಯರಿಗಾಗಿ ಸಬ್‌ಟೈಟಲ್ ಹಾಕಿದರೆ ಅದು ಇಂಗ್ಲಿಷ್ ಮೂಲದ ಸಬ್‌ಟೈಟಲ್ ಆಗಿರುತ್ತದೆ. ಕಿವಿಗೆ ಒಂದು ಮಾತು, ಕಣ್ಣಿಗೆ ಇನ್ನೊಂದು. ಮಗನಿಗೆ ಈ ಗೊಂದಲ ಸಹಿಸಲಾಗದು.

ಯೂಟ್ಯೂಬ್‌ನಲ್ಲಿ ಉಚಿತವಾಗಿ ಸಿಗುವ ಡಬ್ಬಿಂಗ್ ಚಿತ್ರಗಳ ಬಗ್ಗೆ ಹೆತ್ತವರಿಗೆ ಎಚ್ಚರಿಕೆ ಹೇಳಲೇಬೇಕು. ಮುಖಪುಟದ ಚಿತ್ರದಲ್ಲಿ ನಾಗಕನ್ಯೆ, ಬೆಂಕಿ ಉಗುಳುವ ಸರ್ಪ ಕಾಣುತ್ತದೆ. ಒಳಗೆ ಅರ್ಧ ಗಂಟೆ ದ್ವಂದ್ವಾರ್ಥದ ಹಾಸ್ಯ, ಮಕ್ಕಳ ಎದುರು ಕೂರಲಾಗದಂಥ ಹಾಡು, ಅನಗತ್ಯ ರಕ್ತ. ನಾಲ್ಕು ಪಾತ್ರಗಳಿಗೆ ಒಬ್ಬನೇ ದನಿ ಕೊಟ್ಟದ್ದು ಸ್ಪಷ್ಟವಾಗಿ ತಿಳಿಯುತ್ತದೆ. ಪುಟ್ಟ ಹುಡುಗನ ಪಾತ್ರಕ್ಕೆ ವಯಸ್ಕರು ಕೀರಲು ದನಿ ಮಾಡಿ ಮಾತನಾಡಿದರೆ ಆ ಹುಡುಗನ ದುಃಖ ಯಾರಿಗೂ ತಟ್ಟುವುದಿಲ್ಲ. ಅಲ್ಲಿ ವಯಸ್ಸಿನ ಗುರುತೂ ಸರಿಯಾಗಿ ಇರುವುದಿಲ್ಲ. ಒಟಿಟಿಗಳಲ್ಲಿ 2021ರ ನಿಯಮಗಳ ಪ್ರಕಾರ ಯು, ಯು/ಎ 7+, ಯು/ಎ 13+, ಯು/ಎ 16+, ಎ ಎಂಬ ಗುರುತು ಹಾಕಬೇಕು. ನಾನು ಮೊದಲು ನೋಡುವುದು ಅದನ್ನೇ. ಡಬ್ ಆದ ಮಕ್ಕಳ ಚಿತ್ರ ಎಂದ ಮಾತ್ರಕ್ಕೆ ಎಲ್ಲ ಮಕ್ಕಳಿಗೂ ಅಲ್ಲ. ಮೇಲೆ ಹೇಳಿದ ಜಂಗಲ್ ಬುಕ್‌ಗೂ ಸೆನ್ಸಾರ್ ಮಂಡಳಿ ಕೊಟ್ಟದ್ದು ಯು/ಎ, ಹುಲಿ ನೆಗೆಯುವ ದೃಶ್ಯಗಳು ಪುಟ್ಟ ಮಕ್ಕಳನ್ನು ಹೆದರಿಸಬಹುದೆಂಬ ಕಾರಣಕ್ಕೆ. ಅಂದು ಅದನ್ನು ಗೇಲಿ ಮಾಡಿದವರು ಬಹಳ ಮಂದಿ. ನನ್ನ ಸೆರಗು ಹಿಡಿದ ಕೈಯನ್ನು ನೆನೆದರೆ ನನಗೆ ಅದು ಸರಿಯಾಗಿಯೇ ಕಂಡಿತು. 'ಮಖ್ಖಿ'ಯನ್ನೂ ಏಳೆಂಟು ವರ್ಷದೊಳಗಿನವರಿಗೆ ತೋರಿಸಬೇಡಿ, ಮೊದಲ ಭಾಗದ ಕೊಲೆ ಕಟುವಾಗಿದೆ.

ಹಿಂದಿಯೇ ಮಕ್ಕಳ ಕಲ್ಪನೆಯ ಭಾಷೆಯಾಗಿಬಿಟ್ಟರೆ ಎಂಬ ಆತಂಕ ನನಗೆ ನಿಜವಾಗಿಯೂ ಇದೆ. ರಜೆಯಲ್ಲಿ ಅಂಗಳದಲ್ಲಿ ಮಗಳೂ ಅವಳ ಚಿಕ್ಕಮ್ಮನ ಮಕ್ಕಳೂ ಆಡುವಾಗ ಗಮನಿಸಿದ್ದೇನೆ. ರಾಕ್ಷಸನಾದವನು ಹಿಂದಿಯಲ್ಲಿ ಗರ್ಜಿಸುತ್ತಾನೆ, ರಾಜಕುಮಾರಿ ಹಿಂದಿಯಲ್ಲಿ ಶಾಪ ಕೊಡುತ್ತಾಳೆ, ಆಟದ ನಿಯಮಕ್ಕೆ ಜಗಳ ಬಂದಾಗ ಮಾತ್ರ ತುಳು. ಯಕ್ಷಗಾನದ ನಾಡಿನಲ್ಲಿ ರಾಕ್ಷಸರಿಗೆ ಕನ್ನಡದ ಕೊರತೆಯೇ? ಬಣ್ಣದ ವೇಷ ರಂಗಸ್ಥಳಕ್ಕೆ ಬರುವ ಮೊದಲೇ ಅಬ್ಬರಿಸುವ ಅಬ್ಬರಕ್ಕೆ ಯಾವ ಡ್ರ್ಯಾಗನ್ ಸಾಟಿ? ಈಗ ನಾನು ಮಕ್ಕಳನ್ನು ವರ್ಷಕ್ಕೆ ಒಂದೆರಡು ಯಕ್ಷಗಾನದ ಆಟಕ್ಕಾದರೂ ಕರೆದೊಯ್ಯುತ್ತೇನೆ. ಚಿತ್ರ ಮುಗಿದ ಮೇಲೆ ಕಥೆಯನ್ನು ಅಪ್ಪನಿಗೆ ಕನ್ನಡದಲ್ಲಿ ಹೇಳುವ ಕೆಲಸ ಮಗಳದ್ದು. ನನ್ನ ಗಂಡ ಸಿನಿಮಾ ನೋಡುವವರಲ್ಲ, ಆದರೆ ಅವಳು ಹೇಳುವ ಕಥೆಯನ್ನು ಪೂರ್ತಿ ಕೇಳುತ್ತಾರೆ.

ಕನ್ನಡ ಧ್ವನಿ ಇದ್ದಲ್ಲಿ ನಮ್ಮ ಮನೆಯಲ್ಲಿ ಬೇರೆ ಮಾತೇ ಇಲ್ಲ. 2020ರ ಲಾಕ್‌ಡೌನ್‌ನಲ್ಲಿ ಧಾರಾವಾಹಿಗಳ ಚಿತ್ರೀಕರಣ ನಿಂತಾಗ ಸ್ಟಾರ್ ಸುವರ್ಣ ವಾಹಿನಿ ಹಿಂದಿಯ ಮಹಾಭಾರತವನ್ನು ಕನ್ನಡಕ್ಕೆ ಡಬ್ ಮಾಡಿ ಪ್ರಸಾರ ಮಾಡಿತು. ಅತ್ತೆ ಒಂದು ದಿನವೂ ತಪ್ಪಿಸಲಿಲ್ಲ. ಶಕುನಿಯ ಮಾತಿಗೆ ಮಗ ಓದು ಬಿಟ್ಟು ಬಂದು ಕೂರುತ್ತಿದ್ದ. ಹಿಂದಿಯಲ್ಲಿ ಕೇಳಿದಾಗ ಅವನು ಕಥೆ ತಿಳಿದುಕೊಳ್ಳುತ್ತಿದ್ದ, ಕನ್ನಡದಲ್ಲಿ ಕೇಳಿದಾಗ ಮಾತನ್ನೇ ಸವಿದು ಮತ್ತೆ ಹೇಳುತ್ತಿದ್ದ. ಈ ವ್ಯತ್ಯಾಸ ಸಣ್ಣದಲ್ಲ. 2022ರ ಡಿಸೆಂಬರಿನಲ್ಲಿ 'ಅವತಾರ್: ದಿ ವೇ ಆಫ್ ವಾಟರ್' ಇತರ ಭಾರತೀಯ ಭಾಷೆಗಳ ಜತೆ ಕನ್ನಡದಲ್ಲೂ ಬಿಡುಗಡೆಯಾಯಿತು. ಆದರೆ 2024ರ ಡಿಸೆಂಬರಿನಲ್ಲಿ 'ಮುಫಾಸಾ' ಬಂದಾಗ ಹಿಂದಿಯಲ್ಲಿ ಶಾರುಖ್ ಖಾನ್, ತೆಲುಗಿನಲ್ಲಿ ಮಹೇಶ್ ಬಾಬು ದನಿ ಇತ್ತು, ತಮಿಳಿನಲ್ಲೂ ಬಂತು, ಕನ್ನಡ ಇರಲಿಲ್ಲ. ನಾವು ಹಿಂದಿಯಲ್ಲೇ ನೋಡಿದೆವು, ಇಷ್ಟಪಟ್ಟೆವು. ಆ ಸಿಂಹಕ್ಕೆ ದನಿ ಕೊಡಬಲ್ಲ ರಂಗಕಲಾವಿದರು, ಅರ್ಥಧಾರಿಗಳು ನಮ್ಮ ಜಿಲ್ಲೆಯಲ್ಲೇ ಇದ್ದಾರೆಂಬ ನೋವು ಮಾತ್ರ ನನ್ನಲ್ಲಿ ಉಳಿಯಿತು.

ಹೊಸದಾಗಿ ಶುರುಮಾಡುವ ಮನೆಯವರಿಗೆ ಇಷ್ಟು ಹೇಳುತ್ತೇನೆ. ಚಿತ್ರ ಆರಿಸಿದ ಕೂಡಲೇ ಧ್ವನಿಯ ಪಟ್ಟಿ ತೆರೆದು ನೋಡಿ. ಟ್ರೇಲರ್ ಹಿಂದಿಯಲ್ಲಿದ್ದರೆ ಚಿತ್ರವೂ ಹಿಂದಿಯಲ್ಲಿ ಇರುತ್ತದೆಂದು ನಂಬಬೇಡಿ. ಸರಣಿಯಾದರೆ ಎಲ್ಲ ಭಾಗಗಳ ಪಟ್ಟಿಯನ್ನೂ ನೋಡಿ. ಮೊದಲ ಹತ್ತು ನಿಮಿಷ ಒಬ್ಬರೇ ನೋಡಿ ದನಿಗಳು ಹಿಡಿಸುತ್ತವೆಯೇ ತಿಳಿದುಕೊಳ್ಳಿ, ಆಮೇಲೆ ಎಲ್ಲರನ್ನೂ ಕೂರಿಸಿ. ಆ ಪಟ್ಟಿಯಲ್ಲಿ ಕನ್ನಡ ಕಂಡರೆ ಅದನ್ನೇ ಒತ್ತಿ, ಪೂರ್ತಿ ನೋಡಿ. ಕಾಣದಿದ್ದರೆ ಆ್ಯಪ್‌ನ ಸಹಾಯ ವಿಭಾಗದಲ್ಲಿ ಚಿತ್ರದ ಹೆಸರು ಬರೆದು ಕನ್ನಡ ಧ್ವನಿ ಬೇಕೆಂದು ಕೇಳಿ. ನಾನು ಚಂದಾ ನವೀಕರಿಸುವಾಗಲೆಲ್ಲ ಕೇಳುತ್ತೇನೆ, ಈ ಸಲ ಅತ್ತೆಯ ಹೆಸರಿನಲ್ಲೂ ಒಂದು ಕೋರಿಕೆ ಕಳುಹಿಸಿದ್ದೇನೆ.